ಸಲ್ವಾದ ಬೀದಿಯಲ್ಲಿ ಒಂದೇ ಅಚ್ಚಿನ ಕಾರುಗಳು

ಬಿಸಿಲು ಇಳಿದ ಮೇಲೆ ಕುವೈತಿನ ಸಲ್ವಾದ ಯಾವುದೇ ಬ್ಲಾಕಿನ ಒಳರಸ್ತೆಯಲ್ಲಿ ನಡೆದು ನೋಡಿ. ಎರಡೂ ಕಡೆ ಒತ್ತೊತ್ತಾಗಿ ವಿಲ್ಲಾಗಳು, ಮನೆಯ ಮುಂದೆ ಬಟ್ಟೆಯದೋ ತಗಡಿನದೋ ಚಪ್ಪರ, ಅದರಡಿ ನಾಲ್ಕೈದು ಕಾರು. ಟೊಯೊಟಾ, ಲೆಕ್ಸಸ್, ನಿಸ್ಸಾನ್, ಷೆವ್ರೊಲೆ, ಜಿಎಂಸಿ, ಈಚೆಗೆ ಚೀನಾದ ಜೀಲಿ, ಜೆಟೂರ್. ಹೆಸರುಗಳಿಗೇನೂ ಕೊರತೆಯಿಲ್ಲ. ಆದರೆ ಮೂತಿಯ ಮೇಲಿನ ಲಾಂಛನವನ್ನು ಅಂಗೈಯಿಂದ ಮುಚ್ಚಿಬಿಟ್ಟರೆ ಯಾವುದು ಯಾರದು ಎಂದು ಹೇಳಲು ಪಳಗಿದ ಕಣ್ಣು ಬೇಕು. ಬಹುಪಾಲು ಬಿಳಿ, ಬಹುಪಾಲು ಎತ್ತರ, ಎಲ್ಲಕ್ಕೂ ಅದೇ ತೆಳ್ಳನೆಯ ಎಲ್ಇಡಿ ದೀಪ, ಅದೇ ದೊಡ್ಡ ಗ್ರಿಲ್.

ಇಲ್ಲಿನ ಮನೆಯೊಂದರಲ್ಲಿ ಬಹಳ ವರ್ಷಗಳಿಂದ ಡ್ರೈವರ್ ಆಗಿರುವ ಬೈಂದೂರು ಕಡೆಯ ಹಿರಿಯರೊಬ್ಬರು ಸಂಜೆ ಕಾರು ಒರೆಸುತ್ತಾ ಹೇಳಿದರು: "ಮುಂಚೆ ತಿರುವಿನಲ್ಲಿ ಮೂತಿ ಕಂಡ ಕೂಡಲೇ ಇದು ಕ್ಯಾಪ್ರಿಸ್, ಇದು ಪಜೆರೊ ಅಂತ ಗೊತ್ತಾಗ್ತಿತ್ತು ಮಾರಾಯ್ರೆ. ಈಗ ಹಿಂದೆ ಹೋಗಿ ಹೆಸರು ಓದ್ಬೇಕು."

ಇದು ಕುವೈತಿನವರ ದೂರು ಮಾತ್ರವಲ್ಲ, ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತವರ ದೂರೂ ಹೌದು. ಕಂಪನಿಗಳು ಒಂದನ್ನೊಂದು ನಕಲು ಹೊಡೆಯುತ್ತವೆ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅದರಲ್ಲಿ ಒಂದಿಷ್ಟು ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ಕಾರಿನ ಆಕಾರದ ಬಹುಭಾಗ ಡಿಸೈನರ್ ಪೆನ್ಸಿಲ್ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಪೆಟ್ರೋಲಿನ ಬೆಲೆ, ಎದುರು ಗಾಳಿ, ರಸ್ತೆ ದಾಟುವವನ ತಲೆ, ತೆರಿಗೆಯ ಲೆಕ್ಕ, ಕಾರ್ಖಾನೆಯ ಖರ್ಚು ಇವೆಲ್ಲ ಸೇರಿ ಗಡಿ ಹಾಕಿದ ಮೇಲೆ ಉಳಿಯುವ ಜಾಗ ಬಹಳ ಕಿರಿದು. ಈ ಕಥೆಯ ದೊಡ್ಡ ತಿರುವೊಂದು ಸಲ್ವಾದಿಂದ ಸ್ವಲ್ಪವೇ ದೂರದ ಕುವೈತ್ ನಗರದಲ್ಲೇ ನಡೆಯಿತು ಎಂಬುದು ಇಲ್ಲಿ ದಿನವೂ ಕಾರು ಓಡಿಸುವವರಲ್ಲಿ ಅನೇಕರಿಗೆ ತಿಳಿದಿಲ್ಲ.

1973ರ ಅಕ್ಟೋಬರ್ 16. ಅರಬ್–ಇಸ್ರೇಲ್ ಯುದ್ಧ ನಡೆಯುತ್ತಿದ್ದ ದಿನಗಳು. ಕೊಲ್ಲಿಯ ಆರು ತೈಲ ರಾಷ್ಟ್ರಗಳ ಪ್ರತಿನಿಧಿಗಳು ಕುವೈತಿನಲ್ಲಿ ಸೇರಿ ಕಚ್ಚಾತೈಲದ ಘೋಷಿತ ಬೆಲೆಯನ್ನು ಬ್ಯಾರೆಲ್‌ಗೆ 3.01 ಡಾಲರಿನಿಂದ 5.11 ಡಾಲರಿಗೆ ಏರಿಸಿದರು. ಮರುದಿನ ಅದೇ ಊರಿನಲ್ಲಿ ಅರಬ್ ತೈಲ ಸಚಿವರು ತಿಂಗಳಿಗೆ ಶೇ 5ರಂತೆ ಉತ್ಪಾದನೆ ಕಡಿತ ಮಾಡುವ ನಿರ್ಧಾರ ಕೈಗೊಂಡರು. 1974ರ ಜನವರಿಯ ಹೊತ್ತಿಗೆ ಬೆಲೆ 11.65 ಡಾಲರ್ ಮುಟ್ಟಿತು. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಉದ್ದುದ್ದ ಸಾಲು. 1975ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಂದು, ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಹತ್ತಿರಹತ್ತಿರ 11.7 ಕಿಲೋಮೀಟರ್ ಆಗಬೇಕೆಂದು ಗುರಿ ಹಾಕಿತು.

ಮೈಲೇಜ್ ಹೆಚ್ಚಿಸಲು ಎಂಜಿನ್ ಚಿಕ್ಕದು ಮಾಡಬಹುದು, ತೂಕ ಇಳಿಸಬಹುದು. ಜೊತೆಗೆ, ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುವಂತೆ ಕಾರಿನ ಮೈಯನ್ನು ತಿದ್ದಬಹುದು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು 120ಕ್ಕೆ ಏರಿತೆಂದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ; ಆ ತಡೆಯನ್ನು ಮೀರಲು ಎಂಜಿನ್ ಎಂಟು ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ಸಲ್ವಾದ ಪಕ್ಕದಲ್ಲೇ ಹಾದುಹೋಗುವ ಫಹಾಹೀಲ್ ಎಕ್ಸ್‌ಪ್ರೆಸ್‌ವೇಯಲ್ಲಿ ಸುಟ್ಟುಹೋಗುವ ಪೆಟ್ರೋಲಿನ ದೊಡ್ಡ ಪಾಲು ಬರೀ ಗಾಳಿಯನ್ನು ಪಕ್ಕಕ್ಕೆ ತಳ್ಳುವುದಕ್ಕೇ ವ್ಯಯವಾಗುತ್ತದೆ.

ಈ ವಿದ್ಯೆ 1973ರಲ್ಲಿ ಹುಟ್ಟಿದ್ದೇನಲ್ಲ. ಜೆಪ್ಪೆಲಿನ್ ವಾಯುನೌಕೆಗಳ ಕಾರ್ಖಾನೆಯಲ್ಲಿ ದುಡಿದಿದ್ದ ಪಾಲ್ ಯಾರೈ 1920ರ ದಶಕದ ಆರಂಭದಲ್ಲೇ ನೀರಹನಿಯಂಥ ಕಾರಿನ ಮೈಗೆ ಪೇಟೆಂಟ್ ಕೇಳಿದ್ದರು. 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್, ಹನಿಯ ಉದ್ದನೆಯ ಬಾಲ ಬೇಕಿಲ್ಲ, ಛಾವಣಿಯನ್ನು ಮೆಲ್ಲಗೆ ಇಳಿಸುತ್ತಾ ಬಂದು ಹಿಂಭಾಗವನ್ನು ಥಟ್ಟನೆ ಕತ್ತರಿಸಿದರೂ ಹೆಚ್ಚುಕಡಿಮೆ ಅಷ್ಟೇ ಲಾಭವಿದೆ ಎಂದು ತೋರಿಸಿದರು. ಇಂದಿನ ಯಾವ ಹ್ಯಾಚ್‌ಬ್ಯಾಕಿನ ಬೆನ್ನು ನೋಡಿದರೂ ಅಲ್ಲಿ ಕಾಮ್ ಇದ್ದಾರೆ. 1934ರಲ್ಲಿ ಕ್ರೈಸ್ಲರ್ ಕಂಪನಿ ಏರ್‌ಫ್ಲೋ ಎಂಬ ಗಾಳಿಸ್ನೇಹಿ ಕಾರನ್ನು ಮಾರುಕಟ್ಟೆಗೆ ತಂದಾಗ ಜನರಿಗೆ ಅದು ಹಿಡಿಸಲಿಲ್ಲ, ಮೂರು ವರ್ಷಗಳಲ್ಲಿ ನಿಂತೇಹೋಯಿತು. ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ ಅಂದಚೆಂದವನ್ನು ಬಿಟ್ಟುಕೊಡಲು ಯಾರಿಗೂ ಕಾರಣವಿರಲಿಲ್ಲ.

ಕಾರಣ ಕೊಟ್ಟದ್ದು ತೈಲದ ಬಿಕ್ಕಟ್ಟು. ಗಾಳಿ ತಡೆಯ ಅಳತೆಗೆ ಇಂಜಿನಿಯರುಗಳು ಒಂದು ಅಂಕ ಇಟ್ಟುಕೊಂಡಿದ್ದಾರೆ, ಕಡಿಮೆಯಾದಷ್ಟೂ ಒಳ್ಳೆಯದು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಅದು 0.48ರ ಆಸುಪಾಸು. 1982ರ ಆಡಿ 100 ಅದನ್ನು 0.30ಕ್ಕೆ ಇಳಿಸಿತು; ಕಿಟಕಿಯ ಗಾಜನ್ನು ಬಾಗಿಲಿನ ತಗಡಿಗೆ ಸಮನಾಗಿ ಕೂರಿಸಿದ್ದು ಅದರ ದೊಡ್ಡ ಉಪಾಯ. ಈಗ ಮರ್ಸಿಡಿಸ್‌ನ ವಿದ್ಯುತ್ ಕಾರು ಇಕ್ಯೂಎಸ್ 0.20 ಮುಟ್ಟಿದೆ. ಎಲ್ಲ ಕಂಪನಿಗಳೂ ಇದೇ ಅಂಕದ ಬೆನ್ನು ಹತ್ತಿದಾಗ ಏನಾಗುತ್ತದೆ ಎಂಬುದಕ್ಕೆ ಟೊಯೊಟಾ ಪ್ರಿಯಸ್ ಮತ್ತು ಹೋಂಡಾ ಇನ್‌ಸೈಟ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಜಪಾನಿನ ಕಡು ಪೈಪೋಟಿಯ ಎರಡು ಕಂಪನಿಗಳು. 2003ರ ಪ್ರಿಯಸ್ ಮತ್ತು 2009ರ ಇನ್‌ಸೈಟ್‌ಗಳನ್ನು ಅಡ್ಡದಿಂದ ನೋಡಿದರೆ ಅಣ್ಣತಮ್ಮಂದಿರೇ. ಐದು ಜನ ಕೂರಬೇಕು, ಹಿಂದೆ ಸಾಮಾನು ಹಿಡಿಸಬೇಕು, ಗಾಳಿ ಕನಿಷ್ಠ ತಡೆಯಬೇಕು ಎಂಬ ಒಂದೇ ಲೆಕ್ಕವನ್ನು ಇಬ್ಬರೂ ಬಿಡಿಸಿದ್ದರು. ಉತ್ತರ ಒಂದೇ ಬಂದದ್ದರಲ್ಲಿ ಸೋಜಿಗವೇನಿಲ್ಲ.

ಕುವೈತಿನ ಸ್ಥಿತಿ ಇಲ್ಲಿ ವಿಶೇಷ. 2016ರ ಸೆಪ್ಟೆಂಬರಿನಲ್ಲಿ ಬೆಲೆ ಏರಿಸಿದ ಮೇಲೂ ಇಲ್ಲಿ ಸಾಮಾನ್ಯ ಪೆಟ್ರೋಲು ಲೀಟರಿಗೆ 85 ಫಿಲ್ಸ್, ನಮ್ಮ ಲೆಕ್ಕದಲ್ಲಿ ಮೂವತ್ತು ರೂಪಾಯಿಯೊಳಗೆ. ಬೆಂಗಳೂರಿನಲ್ಲಿ ನೂರು ದಾಟಿ ವರ್ಷಗಳಾದವು. ಮೈಲೇಜಿನ ಚಿಂತೆ ಇಲ್ಲದ ಈ ನಾಡಿಗೆಂದು ಯಾವ ಕಂಪನಿಯೂ ಬೇರೆ ಮೈಕಟ್ಟು ಮಾಡಿಕೊಡುವುದಿಲ್ಲ. ಕೊಲ್ಲಿಗೆಂದು ಎಸಿ ಬಲಪಡಿಸುತ್ತಾರೆ, ಎಂಜಿನ್ ತಣಿಸುವ ವ್ಯವಸ್ಥೆ ಹೆಚ್ಚಿಸುತ್ತಾರೆ, ಅಷ್ಟೆ. ಮೈಕಟ್ಟು ಅಮೆರಿಕ, ಯುರೋಪ್, ಚೀನಾಗಳ ನಿಯಮಗಳಿಗೆ ತಕ್ಕಂತೆ ತೀರ್ಮಾನವಾಗಿ ಬರುತ್ತದೆ. ದೊಡ್ಡ ಮಾರುಕಟ್ಟೆಯ ಕಾನೂನು ಚಿಕ್ಕ ಮಾರುಕಟ್ಟೆಯ ಬೀದಿಯನ್ನೂ ಆಳುತ್ತದೆ.

ಬೈಂದೂರಿನ ಹಿರಿಯರು ನೆನೆದ ಕ್ಯಾಪ್ರಿಸ್‌ನ ಕಥೆಯೂ ಇದೇ. ಷೆವ್ರೊಲೆ ಕ್ಯಾಪ್ರಿಸ್ ಕುವೈತಿಗಳ ಮನಸ್ಸು ಗೆದ್ದ ಉದ್ದನೆಯ ಸೆಡಾನ್. ಅಮೆರಿಕದ ಮೈಲೇಜ್ ಕಾನೂನು ಪ್ರಯಾಣಿಕ ಕಾರುಗಳಿಗೆ ಬಿಗಿಯಾಗಿತ್ತು, ಲಘು ಟ್ರಕ್ಕುಗಳಿಗೆ ಸಡಿಲವಾಗಿತ್ತು. ಟ್ರಕ್ಕಿನ ಚಾಸಿಯ ಮೇಲೆ ಕುಟುಂಬ ಕೂರುವ ಮೈ ಕಟ್ಟಿದರೆ ಅದೂ ಕಾನೂನಿನ ಕಣ್ಣಿಗೆ ಲಘು ಟ್ರಕ್ಕೇ. ಲಾಭವೂ ಅದರಲ್ಲೇ ಹೆಚ್ಚು. 1996ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆ ಕ್ಯಾಪ್ರಿಸ್ ತಯಾರಿಕೆ ನಿಲ್ಲಿಸಿ ಎಸ್‌ಯುವಿಗಳತ್ತ ತಿರುಗಿತು. ಆಮೇಲೆ ಕೊಲ್ಲಿಗೆ ಬಂದ ಕ್ಯಾಪ್ರಿಸ್, ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿ ಮಾಡಿ ಷೆವ್ರೊಲೆ ಲಾಂಛನ ಅಂಟಿಸಿ ಕಳಿಸುತ್ತಿದ್ದ ಕಾರು; 2017ರ ಅಕ್ಟೋಬರಿನಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಈಗ ಸಲ್ವಾದ ಚಪ್ಪರಗಳಡಿ ನಿಂತಿರುವ ಟಾಹೋ ಮತ್ತು ಯುಕಾನ್‌ಗಳ ತವರು ಅದೇ ಆರ್ಲಿಂಗ್ಟನ್. ಟಾಹೋ ಷೆವ್ರೊಲೆಯದು, ಯುಕಾನ್ ಜಿಎಂಸಿಯದು; ಎರಡೂ ಜನರಲ್ ಮೋಟಾರ್ಸ್ ಮನೆಯ ಕೂಸುಗಳು, ಚಾಸಿ ಒಂದೇ.

ಇಂಥ ಜೋಡಿಗಳು ಇಲ್ಲಿ ಹೆಜ್ಜೆಗೊಂದು. ನಿಸ್ಸಾನ್ ಪಟ್ರೋಲ್ ಮತ್ತು ಇನ್ಫಿನಿಟಿ ಕ್ಯೂಎಕ್ಸ್80 ಒಂದು ಜೋಡಿ. ಲ್ಯಾಂಡ್ ಕ್ರೂಸರ್ ಮತ್ತು ಲೆಕ್ಸಸ್ ಎಲ್ಎಕ್ಸ್ ಇನ್ನೊಂದು. ಈ ಎರಡನೆಯ ಜೋಡಿ ಅಕ್ಕಪಕ್ಕ ನಿಂತಿರುವ ಮನೆ ಸಲ್ವಾದಲ್ಲಿ ಹುಡುಕಬೇಕಿಲ್ಲ; ಒಮ್ಮೆ ಹತ್ತಿರ ಹೋಗಿ ನೋಡಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡರಲ್ಲೂ 2,850 ಮಿಲಿಮೀಟರ್. ಕಿಟಕಿಗಳ ಸಾಲು, ಛಾವಣಿಯ ಗೆರೆ ಹೆಚ್ಚುಕಡಿಮೆ ಒಂದೇ. ಬದಲಾಗಿರುವುದು ಗ್ರಿಲ್, ದೀಪ, ಬಂಪರ್, ಒಳಗಿನ ಚರ್ಮದ ಹೊದಿಕೆ, ಡ್ಯಾಶ್‌ಬೋರ್ಡ್, ಮತ್ತೆ ಬೆಲೆ. ಇಲ್ಲಿನ ಶುವೈಖ್ ಪ್ರದೇಶದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿನವನು "ಇದು ಅದಕ್ಕೂ ಆಗುತ್ತೆ" ಎಂದು ಸಲೀಸಾಗಿ ಹೇಳುವುದು ಈ ನೆಂಟಸ್ತಿಕೆಯ ಬಲದಿಂದಲೇ.

ಒಂದೇ ಕಂಪನಿಯ ಎರಡು ಹೆಸರುಗಳ ಮಾತು ಇದಾಯಿತು. ಬೇರೆ ಬೇರೆ ಕಂಪನಿಗಳೇ ಒಂದು ಮೈಯನ್ನು ಹಂಚಿಕೊಂಡ ಉದಾಹರಣೆ ನಮ್ಮ ಬಿಡದಿಯಲ್ಲಿದೆ. 1999ರ ಕೊನೆಗೆ ಕ್ವಾಲಿಸ್ ತಯಾರಿಕೆಯೊಂದಿಗೆ ಶುರುವಾದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ಟೊಯೊಟಾ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಹೊರಬರತೊಡಗಿದವು. ಮುಂದಿನ ವರ್ಷ ಟೊಯೊಟಾದ ಇನ್ನೋವಾ ಹೈಕ್ರಾಸ್, ಮಾರುತಿಯ ಇನ್ವಿಕ್ಟೊ ಎಂಬ ಹೆಸರಿನಲ್ಲೂ ಅದೇ ಕಾರ್ಖಾನೆಯಿಂದ ಹೊರಟಿತು. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾಗಳ ಬಾಗಿಲು, ಕಿಟಕಿ, ಛಾವಣಿ ಒಂದೇ. ಚಕ್ರಗಳ ನಡುವಿನ ಅಂತರ ಎರಡರಲ್ಲೂ 2,600 ಮಿಲಿಮೀಟರ್. ಮುಖ ಮತ್ತು ಹಿಂಭಾಗ ಮಾತ್ರ ಬೇರೆ. ಅರ್ಬನ್ ಕ್ರೂಸರ್ ಎಂಬ ಹೆಸರಿನಲ್ಲಿ ಹೈರೈಡರ್ ಕೊಲ್ಲಿಯ ಮಾರುಕಟ್ಟೆಗೂ ಬರುತ್ತದೆ. ರಾಮನಗರ ಕಡೆಯ ಹುಡುಗರ ಕೈ ಕೆಲಸ ಇಲ್ಲಿನ ರಸ್ತೆಯಲ್ಲಿ ಓಡುವುದನ್ನು ನೋಡಿದರೆ ಕನ್ನಡಿಗರಿಗೆ ಹೆಮ್ಮೆಯಾಗುವುದು ಸಹಜ, ನನಗೂ ಆಗುತ್ತದೆ.

ಕಂಪನಿಗಳು ಹೀಗೆ ಮಾಡಲು ಕಾರಣ ಖರ್ಚು. ಬಾಗಿಲಿನ ಒಂದು ತಗಡನ್ನು ಒತ್ತಿ ತೆಗೆಯಲು ಉಕ್ಕಿನ ಭಾರೀ ಡೈ ಬೇಕು, ಪ್ರತಿ ಭಾಗಕ್ಕೂ ಬೇರೆ ಬೇರೆ. ಹೊಸ ಮೈಕಟ್ಟಿಗೆ ಹೊಸದಾಗಿ ಡಿಕ್ಕಿ ಪರೀಕ್ಷೆಗಳನ್ನು ನಡೆಸಬೇಕು. ಆ ಹಣವನ್ನು ಹತ್ತು ಲಕ್ಷ ಕಾರುಗಳ ಮೇಲೆ ಹಂಚಿದರೆ ಕಂಪನಿ ಬದುಕುತ್ತದೆ, ಒಂದು ಲಕ್ಷದ ಮೇಲೆ ಹಂಚಿದರೆ ಮುಳುಗುತ್ತದೆ. 2012ರಲ್ಲಿ ಫೋಕ್ಸ್‌ವ್ಯಾಗನ್ ಎಂಕ್ಯೂಬಿ ಎಂಬ ಒಂದೇ ಅಡಿಪಾಯದ ಮೇಲೆ ಆಡಿ, ಸೀಯಟ್, ಸ್ಕೋಡಾಗಳ ಹಲವು ಕಾರುಗಳನ್ನು ಕಟ್ಟತೊಡಗಿದ್ದು ಇದೇ ಲೆಕ್ಕದಿಂದ. ಹ್ಯುಂಡೈ ಮತ್ತು ಕಿಯಾ ಮಾಡುತ್ತಿರುವುದೂ ಅದನ್ನೇ. ಇನ್ನು ಡಿಸೈನರುಗಳೂ ಒಂದು ಕಂಪನಿಗೆ ಕಟ್ಟುಬಿದ್ದವರಲ್ಲ. ಆಡಿ ಟಿಟಿಗೆ ಹೆಸರಾದ ಪೀಟರ್ ಶ್ರೇಯರ್ 2006ರಲ್ಲಿ ಕಿಯಾ ಸೇರಿದರು. ಅವರಿಗಿಂತ ಮೊದಲೇ ಜೋರ್ಜೆಟ್ಟೊ ಜುಜಾರೊ ಎಂಬ ಇಟಲಿಯ ಒಬ್ಬರೇ ಜರ್ಮನಿಗೆ ಗಾಲ್ಫ್, ಕೊರಿಯಾಕ್ಕೆ ಹ್ಯುಂಡೈ ಪೋನಿ, ತಮ್ಮ ದೇಶಕ್ಕೆ ಫಿಯಟ್ ಯುನೋ ಬಿಡಿಸಿಕೊಟ್ಟಿದ್ದರು. ಮೂರಕ್ಕೂ ಅದೇ ಚೂಪು ಅಂಚು.

ತೆರಿಗೆಯ ಕತ್ತರಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಭಾರತಕ್ಕೇ ಬರಬೇಕು. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರಿಗಿಂತ ಉದ್ದವಿರದ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅಲ್ಲಿಂದ ಶುರುವಾಯಿತು ಕಾರುಗಳ ಬಾಲ ಕತ್ತರಿಸುವ ಕೆಲಸ. 2008ರಲ್ಲಿ ಟಾಟಾ ಇಂಡಿಗೋದ ಡಿಕ್ಕಿ ಮೊಟಕಾಗಿ ಸಿಎಸ್ ಆಯಿತು, 2012ರಲ್ಲಿ ಸ್ವಿಫ್ಟ್ ಡಿಜೈರ್‌ನದೂ ಮೊಟಕಾಯಿತು. ಇಂದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಸಾಲಾಗಿ ನಿಂತರೆ ಎಲ್ಲದರ ಉದ್ದ 3,990 ಮಿಲಿಮೀಟರಿನ ಆಸುಪಾಸು. ಇದು ಅಳತೆಪಟ್ಟಿ ಹಿಡಿದ ತೆರಿಗೆ ಅಧಿಕಾರಿಯ ವಿನ್ಯಾಸ ಎಂದರೆ ತಪ್ಪಾಗದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗಲೂ 4 ಮೀಟರಿನ ಗೆರೆ ಉಳಿದುಕೊಂಡಿತು. ಗೆರೆಯೊಳಗಿನ ಚಿಕ್ಕ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40. ಹಾಗಾಗಿ ಈ ಹೋಲಿಕೆ ಸದ್ಯಕ್ಕೆ ಹೋಗುವುದಿಲ್ಲ.

ಹಾಗೆಂದು ಹಿಂದಿನ ಕಾಲದಲ್ಲಿ ನಮ್ಮ ಬೀದಿಗಳು ವೈವಿಧ್ಯದಿಂದ ತುಂಬಿದ್ದವು ಎನ್ನಲೂ ಆಗದು. ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್, ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100. ದಶಕಗಳ ಕಾಲ ಮೈಸೂರಿನಿಂದ ಬೀದರ್‌ವರೆಗೆ ಆ ಎರಡು ಮುಖಗಳನ್ನು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಪಾದಚಾರಿಯ ವಿಷಯ. ಕಾರು ಮನುಷ್ಯನಿಗೆ ಗುದ್ದಿದಾಗ ಏನಾಗುತ್ತದೆಂದು ಯೋಚಿಸಿ. ಮೊದಲು ಬಂಪರ್ ಮೊಣಕಾಲಿಗೆ ತಾಕುತ್ತದೆ. ಕಾಲು ಮುಂದಕ್ಕೆ ಹೋಗಿ ಮೈಯ ಮೇಲ್ಭಾಗ ಬಾನೆಟ್ಟಿನ ಕಡೆಗೆ ಬಾಗುತ್ತದೆ. ದೊಡ್ಡವರಾದರೆ ತಲೆ ಗಾಜಿನ ಬುಡಕ್ಕೆ, ಮಕ್ಕಳಾದರೆ ಬಾನೆಟ್ಟಿಗೇ ಬಡಿಯುತ್ತದೆ. ಬಾನೆಟ್ಟಿನ ತಗಡು ತೆಳುವಾದದ್ದು, ಬಗ್ಗುತ್ತದೆ. ಜೀವ ತೆಗೆಯುವುದು ಅದರ ಕೆಳಗಿರುವ ಗಟ್ಟಿ ಎಂಜಿನ್. ಹಾಗಾಗಿ ತಗಡಿಗೂ ಎಂಜಿನ್ನಿಗೂ ನಡುವೆ ಒಂದಿಷ್ಟು ಖಾಲಿ ಜಾಗ ಬೇಕೇಬೇಕು. ಯುರೋಪಿನಲ್ಲಿ 2003ರ ನಿರ್ದೇಶನದಂತೆ 2005ರಿಂದ ಹೊಸ ಮಾದರಿಗಳಿಗೆ ಪಾದಚಾರಿ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಯಿತು. ಭಾರತದಲ್ಲಿ 2018ರ ಅಕ್ಟೋಬರಿನಿಂದ. ಬಾನೆಟ್ಟು ಮೇಲೇರಿತು, ಮೂತಿಯ ಅಂಚುಗಳು ಗುಂಡಗಾದವು, ಬಂಪರು ಅಗಲವಾಗಿ ಮೊಣಕಾಲಿನ ಕೆಳಗಿನವರೆಗೂ ಇಳಿಯಿತು. ಚೂಪು ಮೂತಿ ಮಾಯವಾಯಿತು. ಬೇಕಾದಾಗ ಮೇಲೇಳುವ ಹೆಡ್‌ಲೈಟುಗಳಿದ್ದ ಕೊನೆಯ ಕಾರುಗಳು, ಲೋಟಸ್ ಎಸ್ಪ್ರಿಟ್ ಮತ್ತು ಆ ತಲೆಮಾರಿನ ಕಾರ್ವೆಟ್, 2004ರಲ್ಲಿ ನಿಂತವು. ರೋಲ್ಸ್‌ರಾಯ್ಸ್‌ನ ಮೂತಿಯ ಮೇಲಿನ ಬೊಂಬೆ ಕೂಡ ಈಗ ಪೆಟ್ಟು ಬಿದ್ದರೆ ಒಳಗೆ ಸರಿದುಕೊಳ್ಳುತ್ತದೆ. ನಮ್ಮಲ್ಲಿ ಜೀಪು, ಸುಮೋಗಳ ಮುಂದೆ ಹಾಕಿಸುತ್ತಿದ್ದ ಕಬ್ಬಿಣದ ಗಾರ್ಡುಗಳ ವಿರುದ್ಧ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದೂ ಈ ಕಾಳಜಿಯಿಂದಲೇ.

ಒಳಗೆ ಕೂತವರಿಗೂ ಇದೇ ನ್ಯಾಯ. ಕಾರು ಪಲ್ಟಿಯಾದರೆ ಛಾವಣಿ ಕುಸಿಯಬಾರದು, ಅದಕ್ಕೆ ಗಾಜಿನ ಪಕ್ಕದ ಕಂಬಗಳು ದಪ್ಪಗಾದವು. ಪಕ್ಕದಿಂದ ಗುದ್ದಿದರೆ ಬಾಗಿಲು ತಡೆಯಬೇಕು, ಅದಕ್ಕೆ ಬಾಗಿಲಿನ ತಗಡು ಎತ್ತರವಾಗಿ ಕಿಟಕಿ ಕಿರಿದಾಯಿತು. ಹಳೆಯ ಕಾರಿನ ಆ ವಿಶಾಲ ಗಾಜು, ತೆಳ್ಳನೆಯ ಕಂಬ ಕಣ್ಣಿಗೆ ಹಿತ, ನಿಜ. ಆದರೆ ಜೀವ ಉಳಿಸುವ ಹೋಲಿಕೆಯ ಮೇಲೆ ನನ್ನ ಯಾವ ದೂರೂ ಇಲ್ಲ.

ಬಣ್ಣದ ಮಾತು ಬೇರೆ. ಜಗತ್ತಿನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬಿಳಿ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ಕುವೈತಿನಲ್ಲಿ ಬಿಳಿಗೆ ಬೇಡಿಕೆ ಇನ್ನೂ ಹೆಚ್ಚಿರುವುದು ನ್ಯಾಯವೇ. ಜೊತೆಗೆ ಮುಂದೆ ಮಾರುವಾಗ ಬೆಲೆ ಬರಬೇಕೆಂಬ ಆಸೆಯೂ ಇದೆ. ಅದು ಕಂಪನಿಯ ತಪ್ಪಲ್ಲ, ನಾವು ಕೊಳ್ಳುವವರೇ ಆರಿಸಿಕೊಂಡದ್ದು.

ನನ್ನ ದೂರು ಇರುವುದು ಎತ್ತರದ ಮೇಲೆ. ಪಾದಚಾರಿಗಾಗಿ ಬಾನೆಟ್ಟು ಒಂದಿಷ್ಟು ಮೇಲೇರಿದ್ದು ಒಳ್ಳೆಯದಕ್ಕೆ. ಆದರೆ ದೊಡ್ಡ ಎಸ್‌ಯುವಿಗಳ ಮೂತಿ ಗೋಡೆಯಂತೆ ನೆಟ್ಟಗೆ ಎದ್ದು ನಿಂತದ್ದಕ್ಕೆ ಯಾವ ಸುರಕ್ಷತಾ ನಿಯಮವೂ ಕಾರಣವಲ್ಲ. ರಸ್ತೆಯ ಮೇಲೆ ದೊಡ್ಡದಾಗಿ ಕಾಣಬೇಕೆಂಬ ಹಂಬಲವೇ ಕಾರಣ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತೆಗಾಗಿ ವಿಮಾ ಕಂಪನಿಗಳು ನಡೆಸುವ ಸಂಸ್ಥೆ ಪಾದಚಾರಿಗಳಿಗೆ ಡಿಕ್ಕಿಯಾದ ಸುಮಾರು 18,000 ಪ್ರಕರಣಗಳನ್ನು ಪರಿಶೀಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಬಾನೆಟ್ಟಿನ ಅಂಚು ಒಂದು ಮೀಟರಿಗಿಂತ ಎತ್ತರವಿದ್ದರೆ, ಮುಕ್ಕಾಲು ಮೀಟರಿನೊಳಗಿನ ಇಳಿಜಾರು ಮೂತಿಯ ಕಾರಿಗೆ ಹೋಲಿಸಿದಾಗ ಪಾದಚಾರಿ ಸಾಯುವ ಸಾಧ್ಯತೆ ಶೇ 45ರಷ್ಟು ಹೆಚ್ಚು ಎಂದು ಅದು ಹೇಳಿತು. ಎತ್ತರದ ಮೂತಿ ಗುದ್ದಿದರೆ ಮನುಷ್ಯ ಬಾನೆಟ್ಟಿನ ಮೇಲೆ ಉರುಳುವುದಿಲ್ಲ. ಪೆಟ್ಟು ನೇರ ಎದೆಗೆ, ತಲೆಗೆ. ಬೀಳುವುದು ಚಕ್ರದ ಮುಂದೆ.

ಸಲ್ವಾ ಮನೆಗಳ, ಶಾಲೆಗಳ ಊರು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಈ ಎತ್ತರದ ಗಾಡಿಗಳೆಲ್ಲ ಒಮ್ಮೆಗೇ ಚಪ್ಪರದಿಂದ ಹೊರಬರುತ್ತವೆ. ಅಂಥ ಗಾಡಿಯ ಮೂತಿಗೆ ಹತ್ತಿಕೊಂಡು ನಿಂತ ನಾಲ್ಕು ವರ್ಷದ ಮಗು ಸೀಟಿನಲ್ಲಿ ಕೂತವನ ಕಣ್ಣಿಗೆ ಬೀಳುವುದೇ ಇಲ್ಲ. ಸ್ಟೀರಿಂಗ್ ಹಿಡಿದವರು ಹಲವೆಡೆ ನಮ್ಮ ಕರಾವಳಿಯ ಅಣ್ಣಂದಿರೇ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಹಿಂದಿನ ಕ್ಯಾಮೆರಾ ನೋಡಿಕೊಳ್ಳುವಷ್ಟೇ ಜಾಗ್ರತೆಯಿಂದ, ಗಾಡಿ ಹತ್ತುವ ಮೊದಲು ಮುಂದೆ ಒಂದು ಸುತ್ತು ಹಾಕಿ. ಹೊಸ ಕಾರು ಕೊಳ್ಳುವವರಿದ್ದರೆ, ಇಲ್ಲಾಗಲಿ ಊರಲ್ಲಾಗಲಿ, ಗ್ರಿಲ್ಲಿನ ಅಂದಕ್ಕಿಂತ ಮೊದಲು ಎರಡು ವಿಷಯ ಕೇಳಿ: ಮೂತಿಯ ಎತ್ತರ ಎಷ್ಟು, ಮುಂದಿನ ಕ್ಯಾಮೆರಾ ಇದೆಯೇ. ಮೈಕಟ್ಟು ಒಂದೇ ಆಗಿರುವ ಎರಡು ಕಾರುಗಳಲ್ಲಿ ಲಾಂಛನಕ್ಕೆ ಕೊಡುವ ಹೆಚ್ಚಿನ ಹಣಕ್ಕಿಂತ ಈ ಎರಡು ಪ್ರಶ್ನೆಗಳ ಉತ್ತರಕ್ಕೆ ಬೆಲೆ ಹೆಚ್ಚು.